ರಾಧಾಮಣಿಗೆ ಬಂದ ಪೆಟ್ರೋಲ್ ವಾಸನೆ

ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನಲ್ಲಿ, ನನ್ನ ಪಕ್ಕದ ಮೇಜಿನಲ್ಲಿ ತುಂಬು ಗರ್ಭಿಣಿಯೊಬ್ಬಳು ಅತ್ತೆಯ ಜೊತೆ ಕೂತಿದ್ದಳು.

“ಗ್ಯಾರೇಜಲ್ಲಿ ಏನಂದ್ರವ್ವ?” ಎಂದರು ಅತ್ತೆ.

“ಪೆಟ್ರೋಲ್ ಪೈಪು ಸೀಳೋಗಿತ್ತಂತೆ ಅತ್ತೆ. ಬಿಸಿ ಇಂಜಿನ್ ಮೇಲೇ ತೊಟ್ಟಿಕ್ತಿತ್ತು. ಹಂಗೇ ಓಡ್ಸಿದ್ರೆ ಕಾರು ಹತ್ಕಂಡು ಉರ್ದೋಗ್ತಿತ್ತು ಅಂದ್ರು.”

“ನೀನು ಕಾರೊಳ್ಗೆ ವಾಸ್ನೆ ಅಂದಾಗೆಲ್ಲ ಬಸುರಿ ಮೂಗು ಅಂತ ನಗ್ತಿದ್ವಲ್ಲ.”

“ಇವತ್ತು ನಿಮ್ ಮಗ ನಗ್ನಿಲ್ಲ. ಹೊಸ ಪೈಪು ಹಾಕ್ಸಿ, ‘ನೀನೇ ಮೂಸಿ ಹೇಳು ರಾಧಾಮಣಿ’ ಅಂದ್ರು. ನಾನು ಸರಿ ಅಂದ್ಮೇಲೇ ಕಾರು ಹೊರಟಿದ್ದು.”

“ಕಾರ್ ಫ್ಯಾಕ್ಟ್ರೀಲಿ ಕೆಲ್ಸ ಮಾಡೋನ್ಗೆ ನೀನು ಹೇಳ್ಬೇಕಾಯ್ತು ನೋಡು.”

ಹೊರಗೆ ಹಾರ್ನ್ ಕೇಳಿಸಿತು. ಇಬ್ಬರೂ ಎದ್ದು ಹೋದರು. ಹಳೆಯ ಬಿಳಿ ಕಾರಿನ ಹಿಂದಿನ ಬಾಗಿಲಿಗೆ ಸೊಸೆ ಕೈ ಹಾಕಿದಾಗ ಅತ್ತೆ ತಡೆದರು.

“ಮುಂದ್ಗಡೆ ಕೂತ್ಕೊ. ಇನ್ಮೇಲೆ ಅದು ನಿಂದೇ ಸೀಟು,” ಎಂದು ತಾವು ಹಿಂದೆ ಹತ್ತಿದರು.