ಕರೆದವರು ನೀರು ಕೊಡಬೇಕು

ಮಾನ್ಯ ಅಧ್ಯಕ್ಷರೇ, ಮುನಸಿಪಾಲಿಟಿಯ ಸದಸ್ಯರೇ, ಪೇಟೆಯ ಹಿರಿಯರೇ, ಹುಕ್ಕೇರಿ, ಮೂಡಲಗಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದ ಬಂಧುಗಳೇ — ಅಲ್ಲಿ ಹೆಣ್ಣುಮಕ್ಕಳ ನಡುವೆ ಕುಳಿತಿರುವ, ನಮ್ಮನ್ನು ಅಗಲಿದ ನೇಮಣ್ಣನವರ ಧರ್ಮಪತ್ನಿ ತಾಯಿ ಜಿನ್ನವ್ವನವರೇ, ಅವರ ಮಗ ಆದಿನಾಥ — ನಿಮ್ಮೆಲ್ಲರಿಗೂ ಕೈ ಮುಗಿಯುತ್ತೇನೆ.

‘ಮಾಲಿಂಗಪ್ಪ, ನೇಮಣ್ಣನ ಮ್ಯಾಲೆ ಎರಡ ಮಾತು ಹೇಳು’ ಅಂದರು ಅಧ್ಯಕ್ಷರು. ಎರಡರಲ್ಲಿ ಮುಗಿಸಲು ನನಗೆ ಬರುವುದಿಲ್ಲ. ಮುನಸಿಪಾಲಿಟಿಯ ಹಬ್ಬದ ಕಮಿಟಿಯಲ್ಲಿ ಅವರ ಬಾಜೂ ಕುರ್ಚಿ ನನ್ನದು. ಅವರು ಅರಿವೆ ಅಂಗಡಿಯವರು, ನಾನು ಕುರಿ ಕಾಯುವವರ ಮನೆಯವನು. ನಾನು ಸಿಟ್ಟಿಗೆದ್ದಾಗಲೆಲ್ಲ ಅವರು ನನ್ನ ಧೋತರ ಹಿಡಿದು ಜಗ್ಗಿ ಕೂಡ್ರಿಸುತ್ತಿದ್ದರು. ಇವತ್ತು ಜಗ್ಗುವವರಿಲ್ಲ. ಆದ್ದರಿಂದ ನಿಂತೇ ಮಾತಾಡುತ್ತೇನೆ — ಕೇಳ್ರಿ.

ಪಂಚಮಿ ಕುಸ್ತಿ ನಮ್ಮ ಊರಿನ ಹೆಸರು. ಶ್ರಾವಣದಲ್ಲಿ ಜನ ಗೋಕಾಕದ ತುಂಬಿದ ಜಲಪಾತ ನೋಡಿ, ಹಾಗೇ ನಮ್ಮಲ್ಲಿಗೆ ಬಂದು ಕುಸ್ತಿ ನೋಡುತ್ತಾರೆ. ಬೆಲ್ಲದ ಬಾಗೇವಾಡಿಯಿಂದ ಬರುತ್ತಾರೆ, ಕೊಲ್ಲಾಪುರದಿಂದಲೂ ಬರುತ್ತಾರೆ. ಅಂಗಡಿಯವರಿಗೆ ಸುಗ್ಗಿ, ಮುನಸಿಪಾಲಿಟಿಗೆ ಜಾಗದ ಪಟ್ಟಿ ವಸೂಲಿಯ ಸುಗ್ಗಿ. ಬಂದವರಿಗೆ ಏನು? ಕೆಸರು. ಹೆಣ್ಣುಮಕ್ಕಳಿಗೆ ಮರೆ ಇಲ್ಲ, ಮಳೆ ಬಂದರೆ ನಿಲ್ಲಲು ತಗಡಿನ ಚಪ್ಪರವಿಲ್ಲ.

ನೇಮಣ್ಣನವರು ಪ್ರತಿ ಸಲ ಎದ್ದು ನಿಂತು ಕೇಳುತ್ತಿದ್ದರು — ‘ಹಬ್ಬದ ಹಿಂದಿನ ದಿನ ಮೀಟಿಂಗ್ ಕರದ್ರ ಏನ್ ಮಾಡಾಕ ಆಗತೈತ್ರಿ? ಬ್ಯಾಸಗ್ಯಾಗ ಕರೀರಿ. ಮಂದೀನ ನಾವು ಕರದೇವಿ. ಕರದವರು ನೀರು ಕೊಡಬೇಕ್ರಿ.’ ಅಧ್ಯಕ್ಷರು ‘ಮುಂದಿನ ವರ್ಷ ನೋಡೂಣು’ ಅನ್ನುತ್ತಿದ್ದರು. ಆ ಮುಂದಿನ ವರ್ಷ ಬರಲೇ ಇಲ್ಲ. ಇವತ್ತು ನೋಡಿ — ಈ ಸಭೆಗೆ ಕುರ್ಚಿ, ಹಾರ, ಜಮಖಾನೆ ಒಂದೇ ಹೊತ್ತಿನಲ್ಲಿ ಬಂದಿವೆ! ಸತ್ತವರಿಗೆ ನಾವು ಬಹಳ ಚಲೋ ವ್ಯವಸ್ಥೆ ಮಾಡುತ್ತೇವೆ.

ಇನ್ನು ಕಷ್ಟದ ಮಾತು. ಆದಿನಾಥ, ತಪ್ಪು ತಿಳಿಯಬೇಡಪ್ಪಾ.

ಈ ಸಲ ಆಷಾಢದಲ್ಲಿ ದವಾಖಾನೆಯ ಡಾಕ್ಟರರು ನಮ್ಮೆದುರು ಬಂದು ನಿಂತರು. ‘ಘಟಪ್ರಭೆಯ ಆಚೆ ವಾಂತಿಭೇದಿ ಐತಿ, ಬಾವಿಗಳಿಗೆ ಕೆಂಪು ಔಷಧ ಹಾಕ್ರಿ’ ಅಂದರು. ಬೇಡ ಅಂದವರು ಯಾರು? ನಮ್ಮ ನೇಮಣ್ಣನವರು. ‘ನೀರಾಗ ಕಣ್ಣಿಗೆ ಕಾಣದ ಜೀವ ಇರತಾವ್ರಿ. ಅವನ್ನ ಕೊಂದು ಹಬ್ಬ ಮಾಡೂದು ಬ್ಯಾಡ. ನಾನ ನಿಂತು ಸೋಸಿ ಕೊಡತೇನಿ.’ ಅವರು ಜೈನರು, ಅದು ಅವರ ಧರ್ಮ. ಆದರೆ ಕಮಿಟಿಯ ಉಳಿದವರು ಹೂಂ ಅಂದದ್ದು ಯಾವ ಧರ್ಮಕ್ಕೆ? ತೊಂದರೆ ತಪ್ಪಿತು ಅಂತ! ಒಬ್ಬ ಭಕ್ತನ ದಯೆಯನ್ನು ಮುಂದೆ ಮಾಡಿ ಇಡೀ ಮುನಸಿಪಾಲಿಟಿ ಅದರ ಹಿಂದೆ ಮಲಗಿತು. ನಾನು ಎದ್ದೆ, ಕೂಗಿದೆ — ನನ್ನ ಕೂಗು ಯಾರಿಗೆ ಹೊಸದು?

ಪಂಚಮಿ ದಿನ ನೀವೆಲ್ಲ ನೋಡಿದ್ದೀರಿ. ಪೇಟೆ ಬಾವಿಯ ಕಟ್ಟೆಯ ಮೇಲೆ ಬೆಳಗಿನಿಂದ ನಿಂತರು. ಹಂಡೆಯ ಬಾಯಿಗೆ ಬಿಳಿ ಅರಿವೆ, ಎರಡು ಮಡಿಕೆ — ಹೀಗೆ — ಕೈಯಿಂದ ಒತ್ತಿ ಹಿಡಿದು ಸೋಸುತ್ತಿದ್ದರು. ಹಂಡೆ ತುಂಬಿದ ಮೇಲೆ ಆ ಅರಿವೆಯನ್ನು ತಿರುವಿ, ಸಣ್ಣ ಗಡಿಗೆಯಲ್ಲಿ ಜಾಲಾಡಿ, ಆ ನೀರನ್ನು ಮೆಲ್ಲಗೆ ಬಾವಿಗೇ ಇಳಿಸುತ್ತಿದ್ದರು. ಯಾಕೆ? ಆ ಜೀವಗಳು ತಮ್ಮ ನೀರಿಗೆ ತಾವು ಮರಳಿ ಹೋಗಲಿ ಅಂತ. ಪೈಲವಾನರು ನಕ್ಕರು. ಅವರೂ ನಕ್ಕರು. ಜನರಿಗೆ ಧೈರ್ಯ ಬರಲಿ ಅಂತ ಪ್ರತಿ ಹಂಡೆಯ ಮೊದಲ ಗುಟುಕು ತಾವೇ ಕುಡಿದರು.

ಅರಿವೆಗೆ ಆ ರೋಗ ಸಿಗುವುದಿಲ್ಲ, ಬಂಧುಗಳೇ. ಎಷ್ಟು ಮಡಿಕೆ ಹಾಕಿದರೂ ಸಿಗುವುದಿಲ್ಲ. ಸಿಕ್ಕ ಅಷ್ಟಿಷ್ಟನ್ನೂ ಅವರು ಪ್ರೀತಿಯಿಂದ ಬಾವಿಗೇ ಮುಟ್ಟಿಸಿದರು.

ಅದೇ ವಾಂತಿಭೇದಿಯಿಂದ ಅವರೂ ಹಾಸಿಗೆ ಹಿಡಿದಾಗ ನಾನು ಹೋಗಿದ್ದೆ. ನನ್ನನ್ನು ಕಂಡವರೇ ಕೇಳಿದ್ದು ಒಂದೇ — ‘ಮಾಲಿಂಗಪ್ಪಾ, ಮೂಡಲಗಿಯವರು ನೀರು ಕುಡದು ಹ್ವಾದ್ರಲ್ಲ, ಅವರು ಆರಾಮ ಅದಾರೇನು?’ ಅವರಲ್ಲಿ ಇಬ್ಬರು ತೀರಿಕೊಂಡಿದ್ದರು. ಹೇಳಿದೆ. ಆಮೇಲೆ ನೇಮಣ್ಣನವರೂ ಉಳಿಯಲಿಲ್ಲ. ಅಂಥ ಮನುಷ್ಯನನ್ನು ಕಳೆದುಕೊಂಡ ದುಃಖ ನನಗೆ ತಡೆಯಲಾಗುತ್ತಿಲ್ಲ — ಸಿಟ್ಟೂ ತಡೆಯಲಾಗುತ್ತಿಲ್ಲ.

ಅಧ್ಯಕ್ಷರು ಈಗಷ್ಟೇ ಅವರ ಭಾವಚಿತ್ರ ತೂಗುಹಾಕುವ ಮಾತಾಡಿದರು. ತೂಗುಹಾಕ್ರಿ, ಬ್ಯಾಡನ್ನಲ್ಲ. ಆದರೆ ದಸರೆಯ ಕುಸ್ತಿಗೆ ಹುಕ್ಕೇರಿಯ ಗೋಡೆಗಳ ಮೇಲೆ ಆಗಲೇ ಜಾಹೀರಾತು ಹಚ್ಚಿಸಿದ್ದೀರಿ. ಜನ ಬರುತ್ತಾರೆ. ಬಾವಿ ಹೇಗಿತ್ತೋ ಹಾಗೇ ಇದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ — ನಮಗೆ ತೋಡಿದ ಬಾವಿ ಇದೆ, ಔಷಧ ದವಾಖಾನೆಯಲ್ಲಿದೆ, ಆದರೂ ಕೈ ಏಳುತ್ತಿಲ್ಲ. ಕೇಳಿದರೆ ‘ನೇಮಣ್ಣನ ಆತ್ಮಕ್ಕ ನೋವಾಗತೈತಿ, ಅವರ ಮನೀಯವರು ಏನಂತಾರೋ’ ಅನ್ನುತ್ತೀರಿ. ಮತ್ತೆ ಅವರ ಬೆನ್ನ ಹಿಂದೆಯೇ ಅಡಗುತ್ತೀರಿ!

ನಿನ್ನೆ ನಾನು ಅವರ ಮನೆಗೇ ಹೋಗಿದ್ದೆ. ಔಷಧದ ಬಗ್ಗೆ ಜಿನ್ನವ್ವನವರನ್ನು ಕೇಳಬೇಕೆಂದು ಹೋದರೆ, ನಾನು ಕೇಳುವ ಮೊದಲೇ ಅವರೇ ಮಾತು ತೆಗೆದರು — ‘ಔಷಧ ಮೊದಲ ನಮ್ಮ ಹಿತ್ತಲ ಬಾವಿಗೆ ಹಾಕ್ರಿ. ನನ್ನ ಕೈಲೇ ಹಾಕತೇನಿ. ಊರು ನೋಡಲಿ. ಪಾಪ ಬಂದ್ರ ನನಗ ಬರಲಿ, ಮಾಲಿಂಗಪ್ಪ. ನಮ್ಮವರು ಕರದ ಮಂದಿ ನಮ್ಮೂರಾಗ ಸಾಯಬಾರದು.’

ದವಾಖಾನೆಯ ಕಂಪೌಂಡರ ಔಷಧದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಈಗ ಹಿತ್ತಲ ಬಾವಿ, ಅಲ್ಲಿಂದ ನೇರ ಪೇಟೆ ಬಾವಿ. ಅಧ್ಯಕ್ಷರೇ, ನೀವು ಮುಂದೆ ನಡೀರಿ, ನಾವು ಹಿಂದೆ ಬರುತ್ತೇವೆ.

ಅದಕ್ಕೂ ಮೊದಲು, ಆ ದೊಡ್ಡ ಜೀವಕ್ಕೂ ಮೂಡಲಗಿಯ ಆ ಇಬ್ಬರಿಗೂ ಒಂದು ನಿಮಿಷದ ಮೌನ. ಟೋಪಿ, ರುಮಾಲು ಸರಿಮಾಡಿಕೊಳ್ಳುವುದು ಸಾಕು — ಅಲ್ಲಿ ನೋಡಿ, ಜಿನ್ನವ್ವನವರು ಆಗಲೇ ಎದ್ದು ನಿಂತಿದ್ದಾರೆ. ನಾವೂ ಏಳೋಣ.