ಅಣ್ಣನ ಕ್ಯಾಪ್ಟನ್

ಆಸ್ಪತ್ರೆಯ ಐಸಿಯು ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಮತ್ತು ಅವಳ ಮೈದುನ ಕೂತಿದ್ದರು. ಒಳಗೆ ಮಲಗಿದ್ದವನು ಅವಳ ಗಂಡ.

"ಪ್ರಜ್ಞೆ ಇಲ್ದಿದ್ರೂ ಕಿವಿ ಕೇಳ್ಬೋದಂತೆ. ಅವರಿಗೆ ಇಷ್ಟವಾದ್ದು ಮಾತಾಡಿ ಅಂದ್ರು ನರ್ಸು. ನಿಮ್ಮ ಟೀಮು ಗೆಲ್ತು ಅಂತ ಹೇಳಿದೆ."

"ನಿನ್ನೆ ಸೋತಿದ್ದಲ್ವಾ ಅತ್ತಿಗೆ?"

"ಸೋತಿದ್ದನ್ನ ಹೇಗಪ್ಪಾ ಹೇಳ್ಲಿ?"

"ಸಿನಿಮಾ ವಿಷಯ ಎತ್ತಿದ್ರಾ?"

"ನಿಮ್ಮ ಹೀರೋದು ಹೊಸದು ಬಂದಿದೆ, ಚೆನ್ನಾಗಿದೆಯಂತೆ ಅಂದೆ. ಎದ್ರೆ ಎರಡು ಚಮಚ ಸಕ್ಕರೆ ಹಾಕಿ ಕಾಫಿ ಕೊಡ್ತೀನಿ ಅಂತಾನೂ ಅಂದೆ."

"ಹೊಗಳಿದ್ರೆ ಅಣ್ಣ ಬಾಯಿ ಬಿಡಲ್ಲ. ನಿಮ್ಮ ಕ್ಯಾಪ್ಟನ್‌ಗೆ ಬ್ಯಾಟ್ ಹಿಡಿಯೋಕೂ ಬರಲ್ಲ ಅನ್ನಿ. ನನ್ನ ಮದುವೇಲಿ ನಮ್ಮ ಮಾವ ಹಾಗಂದಿದ್ದಕ್ಕೆ ಊಟ ಬಿಟ್ಟೆದ್ದು ಜಗಳಕ್ಕೆ ನಿಂತಿದ್ದ."

ಇಬ್ಬರೂ ನಕ್ಕರು. ಅವಳ ನಗು ಮೊದಲು ನಿಂತಿತು.

"ಬೆಳಿಗ್ಗೆ ಅದನ್ನೂ ಅಂದೆ ಕಣೋ. ನಿಮ್ಮ ಕ್ಯಾಪ್ಟನ್ ದಂಡಪಿಂಡ ಅಂತ ಬೈದೆ."

"ಏನಂದ?"

"ಸುಮ್ನೆ ಮಲಗಿದ್ರು."

ನರ್ಸು ಬಾಗಿಲು ತೆರೆದು ಕೈಬೀಸಿ ಕರೆದಳು.

"ಬಾ, ನೀನೊಂದ್ಸಲ ಬೈದು ನೋಡು," ಎಂದು ಅವಳು ಎದ್ದಳು. "ನೀನು ಬೈದ್ರೆ ತಡ್ಕೊಳ್ಳಲ್ಲ ಅವರು."