ಎರಡು ಸಲ ಓಡಿಸಬೇಕಾದ ಮೇಕ್

...ಬೇಡ ಬುರುಲ್, ಅದನ್ನ ಮುಟ್ಟಬೇಡ. ಹಳೇ ಮೇಕ್‌ಫೈಲುಗಳು ಇದ್ದ ಹಾಗೇ ಇರಲಿ. ನಿನ್ನ ಹೊಸದೂ ಇರಲಿ, ನಾನೇನು ಬೇಡ ಅಂದೆನಾ? ಮೇ ತಿಂಗಳಲ್ಲಿ ನೀನು ಕೆಲಸಕ್ಕೆ ಸೇರಿದ ದಿನವೇ ಹೇಳಿದೆ, ನಿನಗೆ ಸರಿ ಕಂಡ ಹಾಗೆ ಮಾಡು ತಂಗಿ ಅಂತ. ಆದರೆ ಹಳೇದನ್ನ ಇವತ್ತೇ ಯಾಕೆ ಕೆದಕಬೇಕು? ಈ ಸೆಖೆಯಲ್ಲಿ? ಇರು, ಚಹಾ ಹಾಕ್ತೀನಿ. ಬೋರ್ಸೋಕ್ ಇದೆ, ತಗೋ. ನಮ್ಮ ಅತ್ತೆ ಬೆಳಿಗ್ಗೆ ಹಿಟ್ಟು ನಾದಿ ಎಣ್ಣೆಯಲ್ಲಿ ಕರಿದದ್ದು, ಇನ್ನೂ ಮೆತ್ತಗಿದೆ. ಬೇಡವಾ? ಆ ಕಿವಿಗೆ ಸಿಕ್ಕಿಸಿಕೊಂಡಿರೋದನ್ನಾದರೂ ತೆಗಿ. ಹಾಡು ಆಮೇಲೆ ಕೇಳುವೆಯಂತೆ. ಬೈಕೆ, ಬೈಕೆ ಅಂತ ಬಾಯಿತುಂಬಾ ಕರೀತೀಯ, ಅಣ್ಣನ ಮಾತಿಗೆ ಒಂದು ಕಿವಿಯಾದರೂ ಕೊಡು.

ತೆಗೆಯಲ್ಲ. ಸರಿ. ಒಂದು ಕಿವಿಯಲ್ಲೇ ಕೇಳು.

ನಿನಗೆ ಗೊತ್ತಿರೋದೇ, ಆದರೂ ಹೇಳ್ತೀನಿ. ಬಿಡಿಸಿ ಹೇಳದಿದ್ದರೆ ನನಗೇ ಸಮಾಧಾನ ಇಲ್ಲ. ಮೇಕ್‌ಫೈಲ್ ಅಂದರೆ ಏನು? ಯಾವ ಫೈಲು ಯಾವುದರಿಂದ ಆಗುತ್ತೆ ಅನ್ನೋ ಪಟ್ಟಿ. ಇದು ಬದಲಾಗಿದ್ದರೆ ಅದನ್ನ ಮತ್ತೆ ಕಟ್ಟು, ಬದಲಾಗಿಲ್ಲದಿದ್ದರೆ ಸುಮ್ಮನಿರು. ಅಷ್ಟೇ. ಮೇಲೆ ಸರೋವರದ ದಂಡೆಯಲ್ಲಿ ಕೂತು ಪ್ರವಾಹದ ಎಚ್ಚರಿಕೆ ಕೊಡೋ ನಮ್ಮ ಪೆಟ್ಟಿಗೆಯ ಪ್ರೋಗ್ರಾಮು ಒಂಬತ್ತು ಫೋಲ್ಡರಲ್ಲಿದೆ. ನೀರಿನ ಮಟ್ಟ ಅಳೆಯೋದಕ್ಕೆ ಒಂದು, ರೇಡಿಯೋಗೆ ಒಂದು, ಸೈರನ್‌ಗೆ ಒಂದು, ಹೀಗೆ. ಹನ್ನೊಂದು ವರ್ಷದ ಹಿಂದೆ ನಾನು ಒಂದೊಂದಕ್ಕೂ ಒಂದೊಂದು ಮೇಕ್‌ಫೈಲ್ ಬರೆದೆ. ಮೇಲಿನದು ಅವನ್ನ ಸರದಿಯಲ್ಲಿ ಕರೆಯುತ್ತೆ. ಒಳಗೆ ಹೋದದ್ದು ತನ್ನ ಮನೆ ಕೆಲಸ ಮುಗಿಸಿ ಹೊರಗೆ ಬರುತ್ತೆ. ಪಕ್ಕದ ಮನೆಯಲ್ಲಿ ಏನು ಬದಲಾಯ್ತು, ಅದಕ್ಕೆ ಗೊತ್ತೇ ಆಗಲ್ಲ. ಆಗ ಬಿಷ್ಕೆಕ್‌ನಲ್ಲಿ ನಮಗೆ ಗೊತ್ತಿದ್ದವರೆಲ್ಲ ಹಾಗೇ ಬರೀತಿದ್ದರು.

ನಿನ್ನದರಲ್ಲಿ ಮೇಕ್ ಒಂದೇ. ಪ್ರತಿ ಫೋಲ್ಡರಿಂದ ನಾಲ್ಕು ಸಾಲಿನ ಚೀಟಿ ಎತ್ತಿಕೊಂಡು, ಒಂಬತ್ತನ್ನೂ ಒಟ್ಟಿಗೆ ನೋಡುತ್ತೆ. ಚೆನ್ನಾಗಿದೆ. ಮ್ಯಾನೇಜರ್ ದೂಯಿಶೊನ್ ಮುಂದೆಯೇ ಹೊಗಳಿದೆನಲ್ಲ, ಈ ಹುಡುಗಿ ಎರಡೇ ತಿಂಗಳಲ್ಲಿ ಮಾಡಿದ್ದನ್ನ ನಾನು ಹನ್ನೊಂದು ವರ್ಷ ಮುಂದೂಡಿದೆ ಅಂತ.

ತುಟಿ ಯಾಕೆ ಹಾಗೆ ಕಚ್ಚಿಕೊಂಡಿದ್ದೀಯ?

ಆ ಚೀಟಿ ನೋಡ್ತಿದ್ದೀಯಾ? ಗೋಡೆ ಮೇಲಿನದು? 'ಎರಡು ಸಲ ಓಡಿಸಿ.' ನಾನೇ ಅಂಟಿಸಿದ್ದು. ನೀನು ಬಂದ ದಿನ ಅದನ್ನ ಓದಿ ನಕ್ಕೆ. ಇಲ್ಲಿ ಕೈಯನ್ನೂ ಎರಡು ಸಲ ತೊಳೀತೀರಾ ಬೈಕೆ ಅಂದೆ. ನಾನೂ ನಕ್ಕೆ. ಅದಕ್ಕೆ ಕಾರಣ ಇದೆ, ಹೇಳ್ತೀನಿ ಕೇಳು. ನೀರು ಎಷ್ಟು ಮೀಟರಿಗೆ ಬಂದರೆ ಸೈರನ್ ಕೂಗಬೇಕು ಅನ್ನೋ ಅಂಕಿ ಕೊನೇ ಫೋಲ್ಡರಲ್ಲಿ ತಯಾರಾಗುತ್ತೆ. ಸೈರನ್ ಇರೋದು ಆರನೇದರಲ್ಲಿ. ಹಾಗಾಗಿ ಮೊದಲ ಸಲ ಓಡಿಸಿದಾಗ ಸೈರನ್ ಹಳೇ ಅಂಕಿಯನ್ನೇ ಹಿಡ್ಕೊಂಡಿರುತ್ತೆ, ಹೊಸ ಅಂಕಿ ಅದರ ಬೆನ್ನ ಹಿಂದೆ ಹುಟ್ಟುತ್ತೆ. ಎರಡನೇ ಸಲ ಓಡಿಸಿದರೆ ಆಗ ಹೊಸದನ್ನ ನೋಡಿ ಮತ್ತೆ ಕಟ್ಟಿಕೊಳ್ಳುತ್ತೆ. ಸರದಿ ತಿದ್ದಬಹುದಿತ್ತು. ತಿದ್ದಿದರೆ ಇನ್ನೊಂದು ಕಡೆ ಮುರೀತಿತ್ತು. ಚೀಟಿ ಅಂಟಿಸೋದು ಸುಲಭ ಆಯ್ತು.

ಏಪ್ರಿಲ್‌ನಲ್ಲಿ... ನೀನಿನ್ನೂ ಸೇರಿರಲಿಲ್ಲ. ಸರ್ವೆಯವರು ಬಂದು ಹೇಳಿದರು, ಸರೋವರದ ದಂಡೆ, ಆ ಕಲ್ಲುಮಣ್ಣಿನ ಗುಡ್ಡೆ, ಒಳಗಿನ ಮಂಜುಗಡ್ಡೆ ಕರಗಿ ಟೊಳ್ಳಾಗಿದೆ, ನೀರು ಏರಿದರೆ ಒಡೆದುಹೋಗುತ್ತೆ, ನಾಲ್ಕು ಮೀಟರ್ ತನಕ ಕಾಯಬೇಡಿ, ಮೂರಕ್ಕೇ ಕೂಗಿಸಿ ಅಂತ. ಅಂಕಿ ಬದಲಾಯಿಸಿದೆ. ಬದಲಾಯಿಸಲಿಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ. ಮೇಕ್ ಓಡಿಸಿದೆ. ಕೆಳಗೆ ಡ್ರೈವರ್ ಸತಾರ್ ಹಾರ್ನ್ ಹೊಡೀತಿದ್ದ. ಗೊತ್ತಲ್ಲ ಅವನು, ಹಾರ್ನಿಗೆ ಮೊಣಕೈ ಊರಿಕೊಂಡೇ ನಿದ್ದೆ ಮಾಡೋ ಜಾತಿ. ಮಧ್ಯಾಹ್ನದ ಮೇಲೆ ಹಿಮ ಸಡಿಲವಾಗಿ ದಾರಿ ಮುಚ್ಚುತ್ತೆ, ಈಗ ಹೊರಟರೆ ಉಂಟು ಇಲ್ಲದಿದ್ದರೆ ಇಲ್ಲ ಅಂತ ಮೂರು ಸಲ ಫೋನ್ ಮಾಡಿದ. ಒಂದು ಸಲ ಓಡೋಕೆ ಹನ್ನೊಂದು ನಿಮಿಷ ಬೇಕು. ಆದರೂ ಎರಡು ಸಲ ಓಡಿಸಿದೆ. ಹೌದು, ಎರಡು ಸಲ.

ನೀನು ಕೇಳಲಿಲ್ಲ, ಗೊತ್ತು. ನಾನೇ ಹೇಳ್ತಿದ್ದೀನಿ.

ಏನದು? ಸ್ಕ್ರೀನ್ ಯಾಕೆ ನನ್ನ ಕಡೆ ತಿರುಗಿಸಿದೆ? ಕನ್ನಡಕ ಎಲ್ಲಿಟ್ಟೆನೋ... ಇರಲಿ, ಮಂಜುಮಂಜಾಗಿ ಕಾಣುತ್ತೆ. ಒಂಬತ್ತು ಸಾಲು. ಎಂಟು ಹಸಿರು, ಒಂದು ಕೆಂಪು. ಓ... ಹೋಲಿಸಿ ನೋಡಿದ್ದೀಯ. ನಿನ್ನ ಹೊಸ ಮೇಕ್‌ನಿಂದ ಏಪ್ರಿಲಿನ ಪ್ರೋಗ್ರಾಮನ್ನ ಬುಡದಿಂದ ಕಟ್ಟಿ, ಅವತ್ತು ಪೆಟ್ಟಿಗೆಗೆ ಹಾಕಿದ್ದರ ಪ್ರತಿ ಬೀರುವಿನಲ್ಲಿದೆಯಲ್ಲ, ಅದರ ಪಕ್ಕ ಇಟ್ಟು ನೋಡಿದ್ದೀಯ. ಒಳ್ಳೇದು, ಹಾಗೇ ಮಾಡಬೇಕು. ಹಳೇ ಮೇಕ್ ಕಟ್ಟಿದ್ದೂ ಹೊಸ ಮೇಕ್ ಕಟ್ಟಿದ್ದೂ ಕೂದಲೆಳೆಯಷ್ಟೂ ಬೇರೆ ಇರಬಾರದು. ಬೇರೆ ಬಂತು ಅಂದರೆ ಹೊಸದರಲ್ಲೇ ಏನೋ ಬಿಟ್ಟುಹೋಗಿದೆ ಅಂತ. ಹೊಸಬರಿಗೆ ಆಗುತ್ತೆ, ಮನಸ್ಸಿಗೆ ಹಚ್ಚಿಕೋಬೇಡ. ಆ ಸೈರನ್ ಫೋಲ್ಡರಂತೂ ಯಾವಾಗಲೂ ಹಾಗೇ, ನನಗೇ...

ಏನು? ಕನ್ನಡಕ ಯಾಕೆ ಕೈಗೆ ಕೊಡ್ತಿದ್ದೀಯ?

ಹೌದು. ಕನ್ನಡಕ ಹಾಕಿರಲಿಲ್ಲ. ಕೆಂಪು ಸಾಲಿನ ಹೆಸರು ನನಗೆ ಹೇಗೆ ಕಾಣಿಸಿತು.

ಸರಿ. ಒಂದೇ ಸಲ ಓಡಿಸಿದೆ. ಆಯ್ತಾ? ಒಂದು ಸಲ. ಕೋಟು ತೋಳಿಗೆ ಹಾಕ್ಕೊಂಡು, ಪ್ರೋಗ್ರಾಮನ್ನ ಪೆಟ್ಟಿಗೆಗೆ ತುಂಬಿ, ಮೆಟ್ಟಿಲು ಇಳಿದೆ. ಮೇಲೆ ಹೋಗಿ ಪರೀಕ್ಷೆ ಮಾಡಿದಾಗ ಸೈರನ್ ಕೂಗಿತು. ದಿಟವಾಗಿ ಕೂಗಿತು ಬುರುಲ್, ಕೆಳಗೆ ಉಚ್-ಕಾಯಿಂಗ್ ಹಳ್ಳಿಯ ನಾಯಿಗಳೆಲ್ಲ ಬೊಗಳಿದವು. ಎಷ್ಟಕ್ಕೆ ಕೂಗಬೇಕು ಅಂತ ಮಾತ್ರ... ಅದು ಇನ್ನೂ ನಾಲ್ಕು ಅಂತಲೇ ತಿಳ್ಕೊಂಡಿದೆ. ಮೂರು, ನಾಲ್ಕು. ಒಂದು ಮೀಟರ್. ಸರ್ವೆಯವರು ಯಾವಾಗಲೂ ಒಂದು ತೂಕ ಹೆಚ್ಚೇ ಹೇಳ್ತಾರೆ. ಈ ಹನ್ನೊಂದು ವರ್ಷದಲ್ಲಿ ಆ ಸರೋವರ ಎರಡೂ ಮುಕ್ಕಾಲು ದಾಟಿದ್ದಿಲ್ಲ.

ಯಾಕೆ ತಲೆ ಅಲ್ಲಾಡಿಸ್ತೀಯ? ಎಲ್ಲಿ? ಕೆಳಗಿನ ಸಾಲಾ? ತಾಳು, ಕನ್ನಡಕ...

ಇವತ್ತು ಮಧ್ಯಾಹ್ನ ಒಂದು ಐವತ್ತಕ್ಕೆ ನೀರು ಮೂರು ಮೀಟರ್ ನಲವತ್ತು ಸೆಂಟಿಮೀಟರ್.

ಮೂರೂ ನಲವತ್ತು. ಕೂಗಬೇಕಿತ್ತು. ಬೆಳಿಗ್ಗೆಯೇ ಕೂಗಬೇಕಿತ್ತು.

ಎರಡು ಗಂಟೆಯದು ಎಲ್ಲಿ? ಹತ್ತು ಹತ್ತು ನಿಮಿಷಕ್ಕೆ ಒಂದು ಸಾಲು ಬರಬೇಕು. ಈಗ ನಾಲ್ಕಾಗ್ತಾ ಬಂತು. ರೇಡಿಯೋ ಇರಬೇಕು. ಬಿಸಿಲಿಗೆ ಕೈಕೊಡುತ್ತೆ ಅದು, ಹೋದ ವರ್ಷ ಒಂದು ಸಲ ಅರ್ಧ ದಿನ ಸುಮ್ಮನಿತ್ತು. ಬ್ಯಾಟರಿಯೂ ಇರಬಹುದು. ಸತಾರ್‌ಗೆ ಹೇಳ್ತೀನಿ, ನಾಳೆ ಬೆಳಿಗ್ಗೆ ಹೋಗಿ ನೋಡಿಕೊಂಡು...

ನನ್ನನ್ನ ಯಾಕೆ ನೋಡ್ತಿಲ್ಲ? ಬೋರ್ಸೋಕ್ ತಟ್ಟೆಯನ್ನ ಯಾಕೆ ಹಾಗೆ ನೋಡ್ತಿದ್ದೀಯ?

ಅತ್ತೆ ಕರಿದದ್ದು. ಹೇಳಿದೆನಲ್ಲ. ಜೂನ್‌ನಲ್ಲಿ ಉಚ್-ಕಾಯಿಂಗಿನಿಂದ ಕರ್ಕೊಂಡು ಬಂದೆ. ಕಣ್ಣಿನ ಚಿಕಿತ್ಸೆಗೆ. ಡಾಕ್ಟರು ಹೇಳಿದರು, ಶರತ್ಕಾಲದ ತನಕ ಪಟ್ಟಣದಲ್ಲೇ ಇರಲಿ ಅಂತ. ಹೋದ ಭಾನುವಾರ ನೀನು ಮನೆಗೆ ಬಂದಾಗ ಅವರು... ಹೌದು, ನಿನ್ನ ಕೋಟಿನ ಗುಂಡಿ ಹೊಲಿದುಕೊಟ್ಟರು. ಸೂಜಿಗೆ ದಾರ ಅವರೇ ಪೋಣಿಸಿದರು. ನೀನು ನೋಡಿದೆ.

ತಟ್ಟೆ ಯಾಕೆ ಆಚೆ ತಳ್ಳಿದೆ?

ಬೈದುಬಿಡು ತಂಗಿ. ಬೈದರೆ ಉತ್ತರ ಕೊಡಬಹುದು. ಅವರ ಕಣ್ಣಿಗೆ ಏನೂ ಆಗಿಲ್ಲ. ಜೂನ್ ಹನ್ನೆರಡಕ್ಕೆ, ಏನೂ ಬದಲಾಯಿಸದೆ ಸುಮ್ಮನೆ ಒಂದು ಸಲ ಹಳೇ ಮೇಕ್ ಓಡಿಸಿದೆ. ಬದಲಾವಣೆ ಇಲ್ಲದಿದ್ದರೆ ಏನೂ ಕಟ್ಟಬಾರದು ಅದು. ಸೈರನ್ ಕಟ್ಟೋಕೆ ಶುರುಮಾಡಿತು. ನಾನು ಹೀಗೇ ಕೂತಿದ್ದೆ, ಇದೇ ಕುರ್ಚಿಯಲ್ಲಿ. ಏಪ್ರಿಲ್‌ನಲ್ಲಿ ಎರಡನೇ ಸಲ ಓಡಿಸಿಲ್ಲ ಅಂತ ಆಗಲೇ ಗೊತ್ತಾಯ್ತು. ಸರಿಮಾಡೋಕೆ ಮತ್ತೆ ಸರೋವರಕ್ಕೆ ಹೋಗಬೇಕು ಅಂದರೆ ದೂಯಿಶೊನ್‌ಗೆ ಹೇಳಬೇಕಿತ್ತು. ಸರಿಯಿದೆ ಅನ್ನೋ ಕಾಗದಕ್ಕೆ ಸಹಿ ಹಾಕಿದವನು ನಾನು. ಹೇಳೋಣ ಅಂತ ಅವನ ಬಾಗಿಲ ತನಕ ಹೋದೆ. ವಾಪಸ್ ಬಂದು ನನ್ನ ಹೆಂಡತಿಗೆ ಫೋನ್ ಮಾಡಿದೆ, ನಿಮ್ಮಮ್ಮನ ಬಟ್ಟೆಬರೆ ಕಟ್ಟಿಸು ಅಂತ.

ನಿನಗೂ ಹೇಳಿದೆನಲ್ಲ. ಹೇಳಲಿಲ್ವಾ? ನಿನ್ನ ಅಜ್ಜಿಯನ್ನೂ ಸ್ವಲ್ಪ ದಿನ ಇಲ್ಲಿಗೆ ಕರ್ಕೊಂಡು ಬಾ, ಪಟ್ಟಣ ನೋಡಲಿ ಅಂತ. ಈ ತಿಂಗಳಲ್ಲಿ ಹಸು ಬಿಟ್ಟು ಬರ್ತಾರಾ ಬೈಕೆ ಅಂತ ನೀನು ನಕ್ಕುಬಿಟ್ಟೆ. ನಾನು ಇನ್ನೊಂದು ಮಾತು ಹೇಳಿದ್ದರೆ ಯಾಕೆ ಅಂತ ನೀನು ಕೇಳ್ತಿದ್ದೆ. ಅದಕ್ಕೆ ಹೇಳಲಿಲ್ಲ. ಉಚ್-ಕಾಯಿಂಗಿನಲ್ಲಿ ಹೊಳೆಗೆ ಎಲ್ಲಕ್ಕಿಂತ ಹತ್ತಿರದ ಮನೆ ಅವರದು ಅಂತ ಗೊತ್ತಿದ್ದೂ ಹೇಳಲಿಲ್ಲ.

ಈಗ ಫೋನ್ ಮಾಡ್ತೀನಿ. ಈಗಲೇ. ಹಳ್ಳಿ ಕಚೇರಿ ನಂಬರ್ ನನಗೆ ಬಾಯಿಪಾಠ, ಜೂನ್‌ನಿಂದ ಎಷ್ಟು ಸಲ ಒತ್ತಿ ಕೊನೇ ಅಂಕೆಯಲ್ಲಿ ಇಟ್ಟುಬಿಟ್ಟಿದ್ದೀನೋ. ಎಲ್ಲರೂ ಗುಡ್ಡ ಹತ್ತಲಿ, ಹಸು ಇರಲಿ, ಮನೆ ಇರಲಿ. ನೀನು ಅಜ್ಜಿಗೆ ಮಾಡು. ಮಾಡು ಬುರುಲ್, ಯಾಕೆ ಕಲ್ಲಿನ ಹಾಗೆ ಕೂತಿದ್ದೀಯ? ಆ ಹಾಡು ತೆಗಿ ಅಂದೆನಲ್ಲ ಕಿವಿಯಿಂದ...

ಯಾಕೆ ನನ್ನ ಕೈಗೆ ಕೊಡ್ತೀಯ? ನನಗೆ ಹಾಡು...

ಹಾಡಲ್ಲ.

ರಿಂಗ್ ಆಗ್ತಿದೆ.

ಯಾವಾಗಿನಿಂದ ಮಾಡ್ತಿದ್ದೀಯ? ಫೋನ್ ತೋರಿಸು. ಎರಡು ಗಂಟೆ ಐದು ನಿಮಿಷ, ಎರಡು ಏಳು, ಎರಡು ಎಂಟು... ಅಜ್ಜಿ, ಹಳ್ಳಿ ಕಚೇರಿ, ಶಾಲೆ, ಮತ್ತೆ ಅಜ್ಜಿ. ಒಬ್ಬರೂ ಎತ್ತಲಿಲ್ಲವಾ? ಅದಕ್ಕೇನಾ ನೀನು... ನಾನು ಇಷ್ಟು ಹೊತ್ತು ಇಲ್ಲಿ ಕೂತು, ಮೇಕ್ ಅಂದರೆ ಏನು ಅಂತ...

ನಿಂತುಹೋಯ್ತು. ರಿಂಗ್ ನಿಂತುಹೋಯ್ತು. ಹಾಲು ಕರೆಯೋಕೆ ಹೋಗಿರ್ತಾರೆ, ಮನೆಯೊಳಗೆ ಇರಲ್ಲ ಈ ಹೊತ್ತಿನಲ್ಲಿ. ಒಂದು ಸಲಕ್ಕೆ ಕೇಳಿಸಿರಲ್ಲ. ಇನ್ನೊಂದು ಸಲ ಮಾಡು ತಂಗಿ.

ಇನ್ನೊಂದು ಸಲ.